ಜ್ವರ ಬಂದ ಲಿಫ್ಟು

ಎಲ್ಲಕ್ಕೂ ಮೂಲ ಒಂದು ಬಟ್ಟೆಯ ಬಸವನಹುಳು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನು ನೋಡುತ್ತಿದ್ದ ಸಾರಿ ಸಾರ್ ಕಣ್ಣಿಗೆ ಅದು ಬಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಈತ, ಬೇರೆಯವರು ತನ್ನ ಕಾಲು ತುಳಿದರೂ ತಾನೇ ಸಾರಿ ಕೇಳುವವನು. ಕಟ್ಟಡದವರು ಅದನ್ನೇ ಹೆಸರು ಮಾಡಿಬಿಟ್ಟಿದ್ದರು. ಫೋನಿನಲ್ಲಿ ಯಾರೋ ಒಬ್ಬಾಕೆ. ಮುಖ ಕಾಣುವುದಿಲ್ಲ, ಬೆರಳುಗಳಷ್ಟೇ. ಹರಿದ ಸ್ವೆಟರಿನಿಂದ ಬಸವನಹುಳು ಹೊಲಿದು, ಅದರ ಬೆನ್ನಿಗೆ ಹಿಡಿ ಮುರಿದ ಟೀ ಕಪ್ ಕಟ್ಟಿದ್ದಳು. ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಆ ಫೋಟೋಗಳೆಲ್ಲ ಒಂದರ ಹಿಂದೊಂದು ಓಡಿದಾಗ ಹುಳು ಮೇಜು ದಾಟಿ, ಅಂಚಿನಲ್ಲಿ ನಿಂತು, ನಿಟ್ಟುಸಿರು ಬಿಡುತ್ತಿತ್ತು. ಬಟ್ಟೆ ನಿಟ್ಟುಸಿರು ಬಿಡುವುದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮುಂದಿನ ಚಿತ್ರದಲ್ಲಿ ಸೋರುವ ನಲ್ಲಿಗೆ ಕಾಗದದ ಮೂಗು, ನೆಗಡಿ ಒರೆಸಲು ಕರವಸ್ತ್ರ. ಅದರ ಮುಂದಿನದರಲ್ಲಿ ಗೋಡೆಯ ಬಿರುಕೇ ನದಿ, ಅದರಲ್ಲಿ ಬೆಂಕಿಕಡ್ಡಿಯ ದೋಣಿ. ಕೆಟ್ಟ ವಸ್ತುವನ್ನು ಬೈಯದೆ ಹೀಗೆ ಮುದ್ದಿಸುವವರೂ ಇದ್ದಾರಲ್ಲ ಎಂದು ಅವನು ಮೈಮರೆತ. ಪೇಸ್ಟಿನ ನೊರೆ ಗಲ್ಲಕ್ಕಿಳಿಯಿತು.

"ಬಾಯಿ ತೊಳ್ಕೊಳೋ ಮೊದಲು. ಸಂಜೆ ಡಾಕ್ಟರ ಹತ್ರ ಹೋಗೋದು ನೆನಪಿದೆ ತಾನೆ?" ಎಂದರು ತಾಯಿ.

ಮರೆಯುವ ಮಾತೇ ಅಲ್ಲ. ತಾಯಿಯ ಮಂಡಿನೋವಿಗೆ ಆ ಡಾಕ್ಟರು ಸಿಗಲು ತಿಂಗಳುಗಟ್ಟಲೆ ಕಾದಿದ್ದರು. ಇವತ್ತು ತಪ್ಪಿದರೆ ಮತ್ತೆ ಅಷ್ಟೇ ಕಾಯಬೇಕು. ಮನೆಯಿರುವುದು ಐದನೇ ಮಹಡಿ. ಮೆಟ್ಟಿಲೆಂದರೆ ತಾಯಿಗೆ ಹುಲಿಯ ಬಾಯಿ.

ಅಷ್ಟರಲ್ಲಿ ಕಟ್ಟಡದ ಸಂಘದ ಅಧ್ಯಕ್ಷರ ಫೋನು. "ಲಿಫ್ಟು ಕೈಕೊಟ್ಟಿದೆ ಕಣ್ರೀ. ಮೆಕ್ಯಾನಿಕ್ ಮಧ್ಯಾಹ್ನ ಬರ್ತಾನಂತೆ. ಒಂದು ಬೋರ್ಡು ತಗಲಿಸಿಬಿಡಿ. ಹೋದ್ಸಲ ನೀವು ಬರೆದಿದ್ದನ್ನ ಒಬ್ಬರೂ ಓದಲಿಲ್ಲ, ಗುಂಡಿ ಒತ್ತಿ ಒತ್ತಿ ನನ್ನನ್ನ ಬೈದರು."

"ಸಾರಿ ಸಾರ್" ಎಂದ ಸಾರಿ ಸಾರ್.

ಈ ಸಲ ಅವನು ಅಕ್ಷರ ಬರೆಯಲಿಲ್ಲ. ರಟ್ಟು, ಹಳೆಯ ಬೆಡ್‌ಶೀಟು, ಅಂಗಡಿಯ ಗಟ್ಟಿ ಗೋಂದು ಹಿಡಿದು ಕೆಳಗಿಳಿದ. ಲಿಫ್ಟಿನ ಎರಡೂ ಬಾಗಿಲಿಗೆ ಸೇರಿಸಿ ಒಂದೇ ಮುಖ ಅಂಟಿಸಿದ. ಅಂಗಡಿಯಲ್ಲಿ ಎಸೆಯುವ ಪ್ಲಾಸ್ಟಿಕ್ ಲೆನ್ಸುಗಳು ಕಣ್ಣಾದವು, ಒಳಗೆ ಉರುಳಾಡುವ ಕೋಟಿನ ಗುಂಡಿಗಳು. ಹಣೆಯ ಮೇಲೆ ಒದ್ದೆಬಟ್ಟೆ, ಬಾಯಲ್ಲಿ ಬೆಳ್ಳಿಕಾಗದ ಸುತ್ತಿದ ಪೆನ್ಸಿಲ್ಲಿನ ಥರ್ಮಾಮೀಟರು. ಲಿಫ್ಟಿಗೆ ಜ್ವರ ಬಂದಿತ್ತು.

ಮೊದಲು ಬಂದ ಡ್ರಾಯಿಂಗ್ ಮೇಡಂ ಇಪ್ಪತ್ತೈದು ವರ್ಷ ಮಕ್ಕಳ ಸೇಬುಗಳನ್ನು ತಿದ್ದಿದವರು. ಕೈಕಟ್ಟಿ ನಿಂತು ನೋಡಿದರು. ಅವನು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಹುಬ್ಬು ಸ್ವಲ್ಪ ಮೇಲಕ್ಕೆತ್ತಿ. ನರಳೋದು ಕಾಣ್ಬೇಕು" ಎಂದರು. ಎತ್ತಿದ. ನಿಜವಾಗಿಯೂ ನರಳಿತು. ಮೇಡಂ ಕಣ್ಣೊರೆಸಿಕೊಂಡು ಉಲ್ಲನ್ನಿನ ಮಫ್ಲರು ತಂದು ಅಂಟಿಸಿದರು.

ಮಧ್ಯಾಹ್ನದೊಳಗೆ ಕಟ್ಟಡವೆಲ್ಲ ಕೆಳಗಿತ್ತು. ಒಬ್ಬರೂ ಗುಂಡಿ ಒತ್ತಲಿಲ್ಲ. ಒತ್ತಿದರೆ ಎಬ್ಬಿಸಿದಂತೆ ಎಂದು ಪಿಸುಮಾತಿನಲ್ಲೇ ಮಾತಾಡಿದರು. ಪಕ್ಕದ ಬೀದಿಯವರೂ ಬಂದು ಫೋಟೋ ತೆಗೆದುಕೊಂಡರು. "ನಿಮ್ಮೊಳಗೆ ಇಷ್ಟೆಲ್ಲ ಇತ್ತೇನ್ರೀ" ಎಂದು ಅಧ್ಯಕ್ಷರು ಬೆನ್ನು ತಟ್ಟಿದಾಗ ಅವನಿಗೆ ಯಾವುದಕ್ಕೆ ಸಾರಿ ಹೇಳಬೇಕೆಂದೇ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೆಕ್ಯಾನಿಕ್ ಬಂದ. "ಚೆನ್ನಾಗಿದೆ. ಕೀಳಿ. ಬಾಗಿಲು ತೆಗೀಬೇಕು."

"ಮುಖ ಎರಡು ಹೋಳಾಗುತ್ತಲ್ಲಪ್ಪ" ಎಂದರು ಮೇಡಂ.

"ನೀವು ಮೇಲಿಂದ ಏನಾದ್ರೂ ಮಾಡಿ" ಎಂದರು ಅಧ್ಯಕ್ಷರು. "ಸಂಜೆ ನಮ್ಮ ಬೀಗರು ನೋಡೋಕೆ ಬರ್ತಿದ್ದಾರೆ."

"ಮೇಲಿಂದ ಪ್ರಾರ್ಥನೆ ಮಾಡ್ಬಹುದು ಅಷ್ಟೆ. ಇವತ್ತು ಬೇಡ ಅಂದ್ರೆ ಮುಂದಿನ ವಾರ ಬರ್ತೀನಿ."

ಎಲ್ಲರೂ ಸಾರಿ ಸಾರ್ ಕಡೆ ನೋಡಿದರು. ಅವನು ಆ ಮುಖವನ್ನು ನೋಡಿದ. ಬದುಕಿನಲ್ಲಿ ತಾನು ಮಾಡಿದ ಚೆಂದದ ವಸ್ತು ಅದೊಂದೇ ಅನ್ನಿಸಿತು. ಮೇಲೆ ತಾಯಿ ಶಾಲು ಹೊದ್ದು, ಚಪ್ಪಲಿ ಮೆಟ್ಟಿ, ಬಾಗಿಲ ಬಳಿಯೇ ಕೂತಿದ್ದರು.

"ಸಾರಿ" ಎಂದು ಲಿಫ್ಟಿಗೇ ಹೇಳಿ, ಕಣ್ಣು ಮುಚ್ಚಿ ಎಳೆದ. ಗೋಂದು ಗಟ್ಟಿಯಾದ್ದರಿಂದ ಗಲ್ಲ ಒಂದು ಕಡೆ, ಮೂಗು ಒಂದು ಕಡೆ ಬಂತು. ಕಣ್ಣುಗಳು ನೆಲದ ಮೇಲೆ ಉರುಳಿದವು. ಅಧ್ಯಕ್ಷರು ಮುಖ ತಿರುಗಿಸಿದರು. ಮೇಡಂ ಫೋನು ಹಿಡಿದು ಅತ್ತ ಹೋದರು.

ರಿಪೇರಿಗೆ ಅರ್ಧ ಗಂಟೆ ಹಿಡಿಯಿತು. ಇನ್ನೂ ಸಮಯವಿತ್ತು. ಅವನು ಲಿಫ್ಟು ಹತ್ತಿ ಬಾಣದಂತೆ ಐದನೇ ಮಹಡಿಗೆ ಹೋದ. ಬಾಗಿಲು ತೆರೆದೇ ಇತ್ತು. ಕುರ್ಚಿ ಖಾಲಿ. ಬಚ್ಚಲಿನಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಮತ್ತೆ ಲಿಫ್ಟಿನಲ್ಲಿ ಕೆಳಗಿಳಿದ.

ಬಾಗಿಲು ತೆರೆದಾಗ ಎದುರಿಗೇ ತಾಯಿ. ಮೆಟ್ಟಿಲ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು.

"ಕಿತ್ತುಬಿಟ್ಟೆಯಾ?"

"ಅಮ್ಮಾ, ನೀನು ಹೇಗೆ ಬಂದೆ?"

"ನಿಮ್ಮ ಮಗ ಕೀಳ್ತಿದ್ದಾನೆ, ನೋಡೋದಿದ್ರೆ ಈಗಲೇ ಬನ್ನಿ ಅಂತ ಮೇಡಂ ಫೋನು ಮಾಡಿದ್ರು. ಊರೆಲ್ಲ ನೋಡಿಯಾಯ್ತು, ಹೆತ್ತವಳು ನೋಡ್ಬೇಡ್ವಾ? ಒಂದೊಂದು ಮಹಡೀಲೂ ಕೂತು ಎದ್ದು ಬಂದೆ. ಯಾಕೋ ಕಿತ್ತೆ?"

"ನಿನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ."

"ಇಳಿದು ಬಂದಿದೀನಲ್ಲ, ಇನ್ನೇನು ನೋಡ್ತಾರೆ ಅವರು?" ಎಂದು ತಾಯಿ ವಾಚ್‌ಮನ್ನನ ಕುರ್ಚಿಯಲ್ಲಿ ಕೂತರು. "ಮತ್ತೆ ಅಂಟಿಸು. ನೋಡದೆ ಏಳಲ್ಲ."

ಅಧ್ಯಕ್ಷರು ಓಡಿಹೋಗಿ ಗೋಂದು ತಂದರು. ಮೇಡಂ ಕಣ್ಣುಗಳನ್ನು ಹೆಕ್ಕಿಕೊಟ್ಟರು. ಹರಿದ ಗಲ್ಲಕ್ಕೆ ಪಟ್ಟಿ ಬಿದ್ದಿತು; ಈಗ ಕಾಯಿಲೆ ಇನ್ನಷ್ಟು ಜೋರಾಗಿ ಕಂಡಿತು. ತಾಯಿ ನೋಡಿದರು, ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿದರು. "ಇದು ನಿಜವಾಗ್ಲೂ ನೀನೇ ಮಾಡಿದ್ದೇನೋ" ಎಂದರು. ಆ ಒಂದು ಮಾತಿಗೆ ಅವನಿಗೆ ಎಲ್ಲ ಮರೆತುಹೋಯಿತು, ಡಾಕ್ಟರ ಹೊತ್ತು ಮೀರಿದ್ದೂ ಸೇರಿ.

"ಬಾಮ್ಮಾ, ಮೇಲೆ ಹೋಗೋಣ" ಎಂದು ಗುಂಡಿಯತ್ತ ಕೈಚಾಚಿದ.

ತಾಯಿ ಕೈ ಹಿಡಿದುಕೊಂಡರು. "ಬಾಗಿಲು ತೆಗೆದ್ರೆ ಹರಿಯಲ್ವೇನೋ? ಅಧ್ಯಕ್ಷರ ಬೀಗರು ಬೇರೆ ಬರ್ತಿದ್ದಾರೆ."

"ಮತ್ತೆ ಮೆಟ್ಟಿಲು ಹತ್ತುತ್ತೀಯಾ?"

"ಈ ಮಂಡಿ ಇಟ್ಕೊಂಡಾ? ನಿನಗೇನು ಬುದ್ಧಿ ಇದೆಯೇನೋ."

ತಾಯಿ ಕೂತಿದ್ದ ಕುರ್ಚಿಯ ಮುಂದಿನ ಕಾಲುಗಳನ್ನು ಅಧ್ಯಕ್ಷರು ಹಿಡಿದರು, ಹಿಂದಿನವನ್ನು ಸಾರಿ ಸಾರ್. ಮೊದಲ ತಿರುವಿನಲ್ಲಿ ಅವನು ಏದುಸಿರು ಬಿಡುತ್ತಾ ಕೆಳಗೆ ನೋಡಿದ. ಯಾವ ಕಾಯಿಲೆಯೂ ಇಲ್ಲದ ಲಿಫ್ಟು ಥರ್ಮಾಮೀಟರು ಕಚ್ಚಿಕೊಂಡು, ಬೀಗರಿಗಾಗಿ ನರಳುತ್ತಾ ನಿಂತಿತ್ತು.