ಪ್ಲೈವುಡ್ಡಿನ ಗಿರಾಕಿಗಳು

ಮರದ ಅಂಗಡಿಯಲ್ಲಿ ಕೂತವನು ನಗಲಿಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ದಿನಕ್ಕೊಬ್ಬರು ಗಿರಾಕಿ ಬಂದು ನಗಿಸಿಯೇ ಹೋಗುತ್ತಾರೆ. ಅರುವತ್ತರ ದಶಕದಲ್ಲಿ ನಾನು ಪುತ್ತೂರು ಪೇಟೆಯಲ್ಲಿ ಬ್ಯಾರಿ ಸಾಹುಕಾರರೊಬ್ಬರ ಅಂಗಡಿಯ ಗುಮಾಸ್ತನಾಗಿದ್ದೆ. ಊರವರಿಗೆ ಗೊತ್ತಿದ್ದದ್ದು ಹಲಸು, ಸಾಗುವಾನಿ, ಹೆಚ್ಚೆಂದರೆ ಚಹಾ ಪೆಟ್ಟಿಗೆಯ ತೆಳು ಹಲಗೆ. ಪ್ಲೈವುಡ್ ತರಿಸುವ ಎಂದು ಒತ್ತಾಯಿಸಿದವನು ನಾನು. ಸಾಹುಕಾರರು ತರಿಸಿದರು, ಮಾರುವ ಜವಾಬ್ದಾರಿಯನ್ನೂ ನನ್ನ ತಲೆಗೇ ಕಟ್ಟಿದರು.

ಸಸಿ ಸಿಗುದಾ?

ಮೊದಲು ಬಂದವರು ಸವಣೂರಿನ ಒಬ್ಬ ಅಜ್ಜ. ಹಲಗೆಯನ್ನು ಸವರಿ ನೋಡಿದರು. ಗಂಟಿಲ್ಲ, ಬಿರುಕಿಲ್ಲ, ನಾಲ್ಕಡಿ ಅಗಲ. ಇಂಥ ಮರದ ಒಂದು ಸಸಿ ತರಿಸಿಕೊಡಲಿಕ್ಕೆ ಆಗುದಾ ಎಂದು ಕೇಳಿದರು.

ಇದು ನೆಟ್ಟು ಬೆಳೆಸುವ ಮರ ಅಲ್ಲ ಎಂದು ವಿವರಿಸಿದೆ. ಮರವನ್ನು ತೆಳ್ಳಗೆ ಪದರ ಪದರವಾಗಿ ಸುಲಿಯುದು, ಒಂದರ ಮೇಲೊಂದು ಉದ್ದಕ್ಕೆ ಅಡ್ಡಕ್ಕೆ ಇಟ್ಟು ಅಂಟಿಸುದು, ಮತ್ತೆ ಒತ್ತಿ ಹಲಗೆ ಮಾಡುದು.

ಅಜ್ಜ ತಾಳ್ಮೆಯಿಂದ ಕೇಳಿದರು. "ಕಡೆಗೂ ಮರವನ್ನೇ ಮಾಡುದಾದ್ರೆ, ಸುಲಿದದ್ದು ಎಂತಕ್ಕೆ ಮಾರಾಯ?"

 ಹಾಗೆ ಕೇಳಿದರೂ ಅಜ್ಜ ಎರಡು ಹಲಗೆ ತೆಗೆದುಕೊಂಡು ಹೋದರು.

ಗೆದ್ದಲು ತಿನ್ನುದಿಲ್ಲ

ಅರಂತೋಡಿನ ಮಾಸ್ತರರೊಬ್ಬರಿಗೆ ಪುಸ್ತಕ ಇಡಲು ಶೆಲ್ಫ್ ಬೇಕಿತ್ತು. ಅವರದ್ದು ಒಂದೇ ಪ್ರಶ್ನೆ: ಗೆದ್ದಲು ಹಿಡಿಯುದುಂಟಾ? ಇದು ಮದ್ದು ಹಾಕಿದ ಹಲಗೆ, ಗೆದ್ದಲು ಮುಟ್ಟುದೂ ಇಲ್ಲ ಎಂದು ಆಣೆ ಹಾಕಿದೆ.

ಮಳೆಗಾಲ ಕಳೆದ ಮೇಲೆ ಮಾಸ್ತರರು ಪುನಃ ಬಂದರು. ಮುಖ ಗಂಭೀರವಾಗಿತ್ತು. 

"ನೀವು ಹೇಳಿದ್ದು ಸತ್ಯ. ಶೆಲ್ಫಿಗೆ ಏನೂ ಆಗಿಲ್ಲ. ಗೆದ್ದಲುಗಳು ಗೋಡೆಯಿಂದ ಇಳಿದು ವ್ಯಾಕರಣ ಪುಸ್ತಕ ಪೂರ್ತಿ ತಿಂದವು. ಪುಸ್ತಕವನ್ನೂ ಪ್ಲೈವುಡ್ಡಿನಲ್ಲಿ ಮಾಡಿ ಕೊಡುದುಂಟಾ?"

ಇಚಿಲಂಪಾಡಿಯ ಶೆಲ್ಫ್

ಅಷ್ಟರಲ್ಲಿ ನನಗೇ ಹೆಣ್ಣು ನೋಡಲು ಇಚಿಲಂಪಾಡಿಗೆ ಹೋಗುವ ದಿನ ಬಂತು. ಹುಡುಗಿಯ ಅಪ್ಪ ಚಾವಡಿಯಲ್ಲಿ ಕೂರಿಸಿದರು. ಎದುರಿನ ಗೋಡೆಯಲ್ಲಿ ಹೊಸ ಶೆಲ್ಫ್, ಅದರ ತುಂಬ ಹಿತ್ತಾಳೆಯ ಪಾತ್ರೆಗಳು. ಅದು ಪ್ಲೈವುಡ್ ಅಲ್ಲ, ಮರದ ನಾರು ಒತ್ತಿ ಮಾಡಿದ ತೆಳು ಹಾರ್ಡ್‌ಬೋರ್ಡ್. ನಡುವೆ ಆಧಾರವಿಲ್ಲದೆ ಆಗಲೇ ಬಗ್ಗಿತ್ತು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ.

ಹುಡುಗಿ ಕಾಫಿ ತಂದು ಎದುರಿಗೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. "ಇದು ಹೆಚ್ಚು ದಿನ ನಿಲ್ಲುದಿಲ್ಲ" ಎಂದುಬಿಟ್ಟೆ.

 ಅಪ್ಪನ ಮುಖ ಕೆಂಪಾಯಿತು. ಜೊತೆಗೆ ಬಂದಿದ್ದ ನನ್ನ ಸೋದರಮಾವ ನನ್ನ ತೊಡೆ ಚಿವುಟಿದರು. ನಾನು ಶೆಲ್ಫಿನ ಕಡೆಗೆ ಕೈ ತೋರಿಸಿ, ಹಲಗೆಯ ವಿಷಯ ಹೇಳಿದ್ದೆಂದು ತೊದಲಿದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಹುಡುಗಿ ಮಾತ್ರ ತಟ್ಟೆಯನ್ನು ಕೆಳಗಿಟ್ಟು, ಹೋಗಿ ಹಲಗೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ನಡುವೆ ಒಂದು ಪಟ್ಟಿ ಬೇಕೆಂದು ತಾನು ಮೊದಲೇ ಹೇಳಿದ್ದೆ ಎಂದು ಅಪ್ಪನಿಗೆ ಹೇಳಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ, ಹುಡುಗ ಹೇಗೆ ಎಂದು ಅವಳ ಅಮ್ಮ ಒಳಗೆ ಮೆಲ್ಲ ಕೇಳಿದ್ದು ಚಾವಡಿಗೂ ಕೇಳಿಸಿತು.

"ನನ್ನನ್ನು ನೋಡಲೇ ಇಲ್ಲಮ್ಮ, ಇಡೀ ಹೊತ್ತು ಹಲಗೆಯನ್ನೇ ನೋಡಿದ್ರು. ಇನ್ನೊಮ್ಮೆ ಬರ್ಲಿಕ್ಕೆ ಹೇಳಿ. ಆಗ ಶೆಲ್ಫನ್ನು ಅಡಿಗೆಕೋಣೆಗೆ ಸಾಗಿಸಿಡುವ."