ಅತ್ತೆ ಕಟ್ಟಿದ ಹೆಲಿಕಾಪ್ಟರ್

ಚನ್ನಗಿರಿಯಲ್ಲಿ ದಾವಣಗೆರೆ ಬಸ್ಸು ಹತ್ತಿದರೆ ನಲ್ಲೂರು ಬರುವಷ್ಟರಲ್ಲಿ ವಾಕರಿಸುತ್ತ ಕಿಟಕಿಯಿಂದ ತಲೆ ಹೊರಗೆ ಹಾಕುವ ನನ್ನ ಸೋದರತ್ತೆ, ಒಂದು ಮಿಲಿಟರಿ ಹೆಲಿಕಾಪ್ಟರನ್ನೇ ಕಟ್ಟಿ ನಿಲ್ಲಿಸಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ನಾನೂ ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ!

ಹಾರುವ ಹೆಲಿಕಾಪ್ಟರಲ್ಲ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡುವ ಗೇಣುದ್ದದ ಮಾದರಿ. ತರಿಸಿದವರು ಮಾವ. ಅವರು ಸೇನೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾದ ಮೇಲೆ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ಮಾತು ಬಹಳ ಕಡಿಮೆ. ಎಷ್ಟು ಕಡಿಮೆಯೆಂದರೆ, ಅತ್ತೆ ಎರಡು ವಾಕ್ಯಗಳ ನಡುವೆ ಉಸಿರೆಳೆದುಕೊಳ್ಳುವ ಸಮಯದಲ್ಲಿ ಅವರ ಇಡೀ ದಿನದ ಮಾತು ಮುಗಿದುಹೋಗುತ್ತದೆ. ಸೇನೆಯ ವಿಷಯ ಯಾರಾದರೂ ಕೇಳಿದರೆ, "ಅದೇನೈತೆ ಹೇಳಾಕೆ" ಎಂದು ಎದ್ದು ಹೋಗುತ್ತಿದ್ದರು.

ಇಂಥ ಮಾವ ವಿದೇಶದಿಂದ ಈ ಕಿಟ್ ತರಿಸಿದರು. ತಾವು ಕೆಲಸ ಮಾಡಿದ್ದ ಹೆಲಿಕಾಪ್ಟರಿನದೇ ಮಾದರಿ. ಡಬ್ಬಿಯ ಮೇಲಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಿಚ್ಚದೆಯೇ ಬೀರುವಿನ ಮೇಲೆ ಇಟ್ಟುಬಿಟ್ಟರು. ಅತ್ತೆ ಕೆಲವು ತಿಂಗಳು ಅದರ ಧೂಳು ಒರೆಸಿದರು. ಒಂದು ದಿನ ತಾಳ್ಮೆ ತಪ್ಪಿತು.

"ಬಿಚ್ಚಾಕೆ ಮನಸ್ಸಿಲ್ಲ ಅಂದ್ರೆ ತರಿಸಿದ್ದು ಯಾಕ್ರೀ?"

"ಇರ್ಲಿ ಬಿಡು."

"ಇರ್ಲಿ ಅಂದ್ರೆ? ದೇವ್ರೇನ್ರೀ ಅದು, ಮೇಲಿಟ್ಟು ಕೈ ಮುಗಿಯಾಕೆ?"

ಅತ್ತೆ ಸ್ಟೂಲು ಹಾಕಿಕೊಂಡು ಡಬ್ಬಿಯನ್ನು ಇಳಿಸಿಯೇಬಿಟ್ಟರು.

ಆ ಡಬ್ಬಿಯ ಮೇಲೆ 'ಸೀಮಿತ ಸಂಖ್ಯೆಯಲ್ಲಿ ತಯಾರಿಸಿದ್ದು' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿ ಹೇಳಿದಾಗ, ಬಹಳ ಉತ್ತಮ ಮಾಲಿರಬೇಕು ಎಂದು ಅತ್ತೆ ಹಿಗ್ಗಿದರು. ನಿಜಾಂಶವೇ ಬೇರೆ! ದೊಡ್ಡ ಕಂಪನಿಗಳು ಮುಟ್ಟದ ಮಾದರಿಗಳನ್ನು ಯಾವುದೋ ಸಣ್ಣ ಕಾರ್ಖಾನೆಯವರು ಒಂದಿಷ್ಟು ಎರಕ ಹೊಯ್ದು ಕೈತೊಳೆದುಕೊಳ್ಳುತ್ತಾರೆ. ಎಡಗಡೆಯ ಹೋಳಿಗೂ ಬಲಗಡೆಯ ಹೋಳಿಗೂ ಹಳೆಯ ವೈಷಮ್ಯ. ಪ್ರತಿ ತುಂಡಿನ ಅಂಚಿಗೂ ದೋಸೆಯ ಅಂಚಿನಂತೆ ತೆಳ್ಳಗಿನ ಹೆಚ್ಚುವರಿ ಪ್ಲಾಸ್ಟಿಕ್. ಜೊತೆಗಿದ್ದ ನಕ್ಷೆಯ ಬಾಣವೋ, 'ಇಲ್ಲೇ ಎಲ್ಲೋ ಅಂಟಿಸಿಕೊಳ್ಳಿ' ಎನ್ನುವಂತೆ ಗಾಳಿಯಲ್ಲಿ ತೇಲುತ್ತಿತ್ತು.

"ಅತ್ತೆ, ವಾಪಸ್ ಕಳಿಸೋಣ" ಎಂದೆ.

ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟ ಅತ್ತೆ ಎರಡು ಹೋಳುಗಳನ್ನು ಕಣ್ಣ ಮುಂದೆ ಹಿಡಿದು ನೋಡಿದರು. "ಇದು ಅಳತೆ ತಪ್ಪಿದ ಬ್ಲೌಸು ಕಣೋ. ಹಿಡಿಯೋ ಕಡೆ ಹಿಡಿದು, ಬಿಡೋ ಕಡೆ ಬಿಟ್ರೆ ಕೂತ್ಕಂತೈತೆ."

ಅಲ್ಲಿಂದ ನಡುಮನೆ ಕಾರ್ಖಾನೆಯಾಯಿತು. ಫೋನಿನ ವಿಡಿಯೋದಲ್ಲಿ ಯಾರೋ ವಿದೇಶಿ ಹುಡುಗ ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳುತ್ತಿದ್ದ. ಅತ್ತೆ ಅವನಿಗೆ ಅಚ್ಚ ಚನ್ನಗಿರಿ ಕನ್ನಡದಲ್ಲಿ, "ನಿಧಾನಕ್ಕೆ ಮಾಡೋ ಮಾರಾಯ" ಎಂದು ಗದರುತ್ತ ಮರಳು ಕಾಗದದಲ್ಲಿ ತುಂಡುಗಳನ್ನು ಉಜ್ಜುತ್ತಿದ್ದರು. ಉಪ್ಪಿಟ್ಟಿನ ಮೇಲೆ ಉದುರಿದ್ದು ಕೊಬ್ಬರಿಯೋ ಪ್ಲಾಸ್ಟಿಕ್ಕೋ ಎಂದು ಮನೆಗೆ ಬಂದವರು ಬೆರಳಲ್ಲಿ ಒತ್ತಿ ನೋಡಿ ತಿನ್ನುವಂತಾಯಿತು!

ಒಂದು ಬೆಳಿಗ್ಗೆ ಪೈಲಟ್ ಪಕ್ಕದ ಕಿಟಕಿ ಚಿಮಟದಿಂದ ಚಿಮ್ಮಿ ಮಾಯವಾಯಿತು. ಉಗುರಿನಷ್ಟು ಅಗಲದ ಪಾರದರ್ಶಕ ತುಂಡು. ನಾವೆಲ್ಲ ನೆಲಕ್ಕೆ ಮುಖ ಹಚ್ಚಿ ಹುಡುಕಿದೆವು. ಅಡಿಕೆ ವ್ಯಾಪಾರದ ಮಾತಿಗೆಂದು ಬಂದಿದ್ದ ನೆಂಟರೂ ಪಂಚೆ ಎತ್ತಿ ಕಟ್ಟಿ ಮಂಚದಡಿ ನುಸುಳಿದರು. ಸಿಗಲಿಲ್ಲ. ಕೊನೆಗೆ ಅತ್ತೆ ಸ್ವೀಟ್ ಬಾಕ್ಸಿನ ಮುಚ್ಚಳ ಕತ್ತರಿಸಿ ಹೊಸ ಕಿಟಕಿ ಕೂರಿಸಿದರು. ಹತ್ತಿರದಿಂದ ನೋಡಿದರೆ ಪೈಲಟ್ ಗೊಂಬೆಯ ಕಿವಿಯ ಬಳಿ 'ತುಪ್ಪ' ಎಂಬ ಅಕ್ಷರಗಳು ಈಗಲೂ ಕಾಣುತ್ತವೆ!

ಆಮೇಲೆ ಇನ್ನೊಂದು ತಾಪತ್ರಯ. ನೆಲಕ್ಕಿಟ್ಟರೆ ಹೆಲಿಕಾಪ್ಟರ್ ಬಾಲದ ಮೇಲೆ ಕುಳಿತು ಆಕಾಶ ನೋಡುತ್ತಿತ್ತು. ಮೂತಿಗೆ ಭಾರ ತುಂಬಬೇಕಂತೆ. ನಮ್ಮೂರಲ್ಲಿ ಕೈಗೆ ಮೊದಲು ಸಿಗುವುದೇನು? ಅತ್ತೆ ಅಡಿಕೆ ಹೋಳು ತುಂಬಿದರು. ಆಗ ಅಂಗಡಿಗೆ ಹೊರಟಿದ್ದ ಮಾವ ಬಾಗಿಲಲ್ಲಿ ನಿಂತರು.

"ಅಡಿಕೆ ಹಗುರ. ಸೀಸ ಹಾಕು."

"ಬರ್ರಿ, ನೀವೇ ಹಾಕ್ರಿ."

ಮಾವ ಹೋಗಿಬಿಟ್ಟರು. ಸಂಜೆ ಬರುವಾಗ ಮಾತ್ರ ಜೇಬಿನಲ್ಲಿ ಸೀಸದ ತುಂಡುಗಳಿದ್ದವು.

ಅಂದಿನಿಂದ ಅವರು ಅಂಗಡಿ ತೆರೆಯುವುದು ತಡವಾಗತೊಡಗಿತು. "ಬಾಲದ ಫ್ಯಾನು ಆ ಕಡೆ ಅಲ್ಲ" ಎಂದು ಒಮ್ಮೆ, "ಹಸಿರು ಬಣ್ಣ ಇಷ್ಟು ಹೊಳಿಯಂಗಿಲ್ಲ" ಎಂದು ಇನ್ನೊಮ್ಮೆ. ಆದರೆ ಹೆಲಿಕಾಪ್ಟರನ್ನು ಒಮ್ಮೆಯೂ ಮುಟ್ಟಲಿಲ್ಲ. ಅತ್ತೆ ಬೈದುಕೊಂಡೇ ಎಲ್ಲ ತಿದ್ದಿದರು.

ಕೊನೆಗೆ ಉಳಿದದ್ದು ಬಾಲದ ಮೇಲಿನ ನಂಬರು. ಅಂಕಿಗಳ ಹಾಳೆಯನ್ನು ನೀರಲ್ಲಿ ನೆನೆಸಿ, ಬೇಕಾದ ಅಂಕಿಗಳನ್ನು ಜಾರಿಸಿ ಅಂಟಿಸಬೇಕು. ಭಾನುವಾರದ ಮಧ್ಯಾಹ್ನ, ಊಟ ಆಗಿತ್ತು. ಅತ್ತೆ ಬಟ್ಟಲಲ್ಲಿ ನೀರಿಟ್ಟುಕೊಂಡು ಕೂಗಿದರು: "ರೀ, ಯಾವ ನಂಬರ್ ಹಚ್ಚಲಿ? ನಮ್ಮ ಸ್ಕೂಟರಿಂದೇ ಹಚ್ಚಿಬಿಡ್ಲಾ?"

ನಾನು ನಕ್ಕೆ. ಮಾವ ನಗಲಿಲ್ಲ. ಥಟ್ಟನೆ ಒಂದು ನಂಬರು ಹೇಳಿದರು. ಹೇಳಿದವರು ಗೋಡೆ ಹಿಡಿದು ಕುಳಿತುಬಿಟ್ಟರು.

"ಅದು ವಾಪಸ್ ಬರ್ಲಿಲ್ಲ" ಎಂದರು. "ಬೆಟ್ಟದಾಗೆ ಮಂಜು ಕವಿದಿತ್ತು. ಮೆಷಿನ್ನಿಂದ ತಪ್ಪಿಲ್ಲ ಅಂತ ತನಿಖೆ ಮಾಡಿದೋರು ಹೇಳಿದ್ರು. ಆದ್ರೆ ಹೊರಡೋಕೆ ಮುಂಚೆ ಕೊನೆ ಚೆಕ್ ಮಾಡಿದ್ದು ನಾನು. ಒಂದೊಂದು ನಟ್ಟೂ ಇವತ್ತಿಗೂ ಕನಸಿನಾಗೆ ಬಿಗಿ ಮಾಡ್ತೀನಿ."

ಮದುವೆಯಾಗಿ ಅಷ್ಟು ವರ್ಷಗಳಾಗಿದ್ದರೂ ಅತ್ತೆಗೆ ಇದು ಗೊತ್ತಿರಲಿಲ್ಲ. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಸುಮ್ಮನಿರಿಸಿದರು. ಎದ್ದುಹೋಗಿ ಮಾವನ ಪಕ್ಕ ನೆಲದ ಮೇಲೆ ಕುಳಿತರು.

"ಓಡಿಸ್ತಿದ್ದ ಹುಡುಗ ಹೆಂಗಿದ್ದ?"

"ನಗುಮೊಗದೋನು. ಹತ್ತೋಕೆ ಮುಂಚೆ ದಿನಾ ನನ್ನ ಬೆನ್ನು ತಟ್ಟಿ, 'ನೀವ್ ನೋಡಿದೀರಲ್ಲ, ಸಾಕು' ಅಂತಿದ್ದ."

ಅತ್ತೆ ಅವರ ಬೆನ್ನ ಮೇಲೆ ಕೈ ಇಟ್ಟರು. ತಟ್ಟಲಿಲ್ಲ, ಸುಮ್ಮನೆ ಇಟ್ಟುಕೊಂಡು ಕುಳಿತರು. ಬಟ್ಟಲಿನ ನೀರಲ್ಲಿ ಅಂಕಿಗಳು ಹಾಳೆಯಿಂದ ಬಿಟ್ಟು ತೇಲುತ್ತಿದ್ದವು. ಯಾರೂ ಆ ಕಡೆ ನೋಡಲಿಲ್ಲ.

"ಆಮೇಲೆ?" ಎಂದರು ಅತ್ತೆ, ಬಹಳ ಮೆಲ್ಲಗೆ. "ಇನ್ನೇನ್ ಅಂತಿದ್ದ, ಹೇಳ್ರಿ."

ಮಾವ ಹೇಳತೊಡಗಿದರು.