ಅತ್ತೆಮನೆಯ ದಿಬ್ಬವೂ ನನ್ನ ಮೆತ್ತನೆ ಟೈರೂ

ಈ ಸಲದ ಚಳಿಗಾಲದ ಟೈರನ್ನು ನಾನೇ ಆರಿಸುತ್ತೇನೆ, ಯಾವನ ಸಲಹೆಯೂ ಬೇಕಿಲ್ಲ ಎಂದು ಅಕ್ಟೋಬರಿನಲ್ಲೇ ಘೋಷಿಸಿಬಿಟ್ಟೆ! ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ವರ್ಷವಿಡೀ ತುಟಿ ಹೊಲಿದುಕೊಂಡಿರುವ ಫಿನ್ಲೆಂಡಿನ ನಮ್ಮ ತಾಂಪೆರೆ ಊರಿನ ಗಂಡಸರು ಟೈರಿನ ವಿಷಯಕ್ಕೆ ಮಾತ್ರ ವಾಚಾಳಿಗಳಾಗುತ್ತಾರೆ. ಮೊಳೆ ಬಡಿದ ಟೈರೋ, ಮೊಳೆಯಿಲ್ಲದ ಮೆತ್ತನೆ ಟೈರೋ? ಪತ್ರಿಕೆಯಲ್ಲಿ ಓದಿದ್ದನ್ನೇ ಸೌನಾದ ಬಿಸಿ ಹಬೆಯಲ್ಲಿ ಬೆವರುತ್ತಾ ಗಿಳಿಪಾಠ ಒಪ್ಪಿಸುತ್ತಾರೆ. ಮೂರ್ಖಶಿಖಾಮಣಿಗಳು!

"ಮೊಳೆ ಟೈರೇ ತಗೋ, ರೇನೊ," ಎಂದಳು ಹೆಂಡತಿ ಸಿರ್ಕ. "ಅಮ್ಮನ ಮನೆ ದಿಬ್ಬ ನೆನಪಿದೆ ತಾನೇ? ಐಸ್ ಮೇಲೆ ನೀರು ನಿಂತ್ರೆ ಬೆಕ್ಕೂ ಹತ್ತಲ್ಲ ಅದನ್ನ."

"ಮೊಳೆ ಬೇಕಾಗಿರೋದು ಡ್ರೈವಿಂಗ್ ಬಾರದೋರಿಗೆ! ಕಟಕಟ ಅಂತ ರಸ್ತೆ ಕೆರ್ಕೊಂಡು ಹೋಗೋಕೆ ನನ್ನ ಕಾರೇನು ಕೋಳೀನಾ?"

"ಕೋಳಿ ಆದ್ರೂ ಹೊತ್ತಿಗೆ ಸರಿಯಾಗಿ ಗೂಡು ಸೇರುತ್ತೆ."

ಅಂಗಡಿಯವನು, "ನಿಮ್ಮ ಓಡಾಟ ಹೆಚ್ಚು ಎಲ್ಲಿ?" ಎಂದು ಕೇಳಿದ. ಅದನ್ನು ಕಟ್ಟಿಕೊಂಡು ಅವನಿಗೇನು? ಇದ್ದುದರಲ್ಲೇ ದುಬಾರಿಯ, ಮೊಳೆಯಿಲ್ಲದ, ಉಸಿರೂ ಕೇಳಿಸದ ಟೈರು ಹಾಕಿಸಿಕೊಂಡು ಬಂದೆ. ಊರೊಳಗಿನ ಹಿಮದ ಮೇಲೆ ಅವು ಬರೀ ರೇಷ್ಮೆ! ತಡೆಯಲಾರದೆ ಸಿರ್ಕಳ ತಮ್ಮ ತೌನೊಗೆ ಫೋನು ಮಾಡಿ, "ನಿನ್ನ ಮೊಳೆ ಟೈರು ಮ್ಯೂಸಿಯಮ್ಮಿಗೆ ಕೊಟ್ಬಿಡೋ," ಎಂದು ಹೀಯಾಳಿಸಿದೆ. "ಹೂಂ," ಎಂದ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ಡಿಸೆಂಬರಿನಲ್ಲಿ ಅತ್ತೆ ಹಿಲ್ಮಾಳ ಎಪ್ಪತ್ತೈದನೆಯ ಹುಟ್ಟುಹಬ್ಬ ಬಂತು. ಸೀಗಡಿ, ಮೀನು ತುಂಬಿದ ದೊಡ್ಡ ಸ್ಯಾಂಡ್‌ವಿಚ್ ಕೇಕನ್ನು ತರುವ ಹೊಣೆ ನಮ್ಮದು. ಕಾಫಿ ಎರಡು ಗಂಟೆಗೆ. ಎರಡು ಎಂದರೆ ಎರಡೇ! ತಡವಾಗಿ ಹೋದವನನ್ನು ನಮ್ಮ ಕಡೆ ಅವನು ಸತ್ತ ಮೇಲೂ ಮರೆಯುವುದಿಲ್ಲ. ಹಿಂದಿನ ರಾತ್ರಿ ಮಳೆ ಬೇರೆ ಸುರಿದು, ದಿಬ್ಬದ ಹಿಮವೆಲ್ಲ ಗಾಜಾಗಿ, ಗಾಜಿನ ಮೇಲೆ ನೀರು ಹರಿಯುತ್ತಿತ್ತು.

ಅರ್ಧ ದಿಬ್ಬಕ್ಕೆ ಕಾರು ನಿಂತಿತು. ಸ್ವಲ್ಪ ಯೋಚಿಸಿತು. ಆಮೇಲೆ ಹಿಂದಕ್ಕೆ ಹೊರಟಿತು! ಬ್ರೇಕ್ ಒತ್ತಿದೆ, ದೇವರನ್ನು ಕರೆದೆ. ಇಬ್ಬರೂ ಓಗೊಡಲಿಲ್ಲ. ಕಾರು ರಾಜಗಾಂಭೀರ್ಯದಿಂದ ಜಾರಿ, ಕೆಳಗಿದ್ದ ಮನೆಮನೆಯ ಅಂಚೆ ಡಬ್ಬಿಗಳ ಸಾಲಿನಲ್ಲಿ ಎರಡನ್ನು ಮಲಗಿಸಿ, ಮಿಕ್ಕವಕ್ಕೆ ಬೆನ್ನು ಕೊಟ್ಟು ಒರಗಿತು.

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ, ಅಲ್ವಾ?" ಎಂದಳು ಸಿರ್ಕ, ತೊಡೆಯ ಮೇಲಿನ ಕೇಕನ್ನು ಅವಚಿಕೊಂಡು.

"ಸುಮ್ನಿರು! ವೇಗ ಸಾಲಲಿಲ್ಲ ಅಷ್ಟೆ."

ವೇಗವಾಗಿ ಹೋದೆ. ವೇಗವಾಗಿಯೇ ವಾಪಸು ಬಂದೆ, ಈ ಸಲ ಅಡ್ಡಡ್ಡ! ಉಳಿದ ಡಬ್ಬಿಗಳೂ ಮಲಗಿದವು. ಮೇಲೆ ಅತ್ತೆಮನೆಯ ಕಿಟಕಿಯಲ್ಲಿ ನೆಂಟರೆಲ್ಲ ನೆರೆದಿದ್ದರು. ಒಬ್ಬನೂ ಕೆಳಗಿಳಿಯಲಿಲ್ಲ. ಬಾಯಿ ಬಿಟ್ಟು ಕೇಳದವನಿಗೆ ಸಹಾಯ ಮಾಡಿದರೆ ನಮ್ಮಲ್ಲಿ ಅದು ಅವನ ಕೆನ್ನೆಗೆ ಹೊಡೆದ ಹಾಗೆ. ಕೇಳುವ ಪೈಕಿ ನಾನಲ್ಲ! ಹೀಗಾಗಿ ಅವರು ಮರ್ಯಾದೆಯಿಂದ ನಿಂತು ನೋಡಿದರು, ನಾನು ಮರ್ಯಾದೆಯಿಂದ ಜಾರಿದೆ.

ಅಷ್ಟರಲ್ಲಿ ತೌನೊನ ಲಡಕಾಸಿ ಕಾರು ಕಟಕಟ ಎನ್ನುತ್ತಾ ಬಂತು. ಸ್ಟಿಯರಿಂಗಿನಿಂದ ಒಂದೇ ಒಂದು ಬೆರಳೆತ್ತಿ ನನಗೆ ನಮಸ್ಕರಿಸಿ, ದಿಬ್ಬ ಹತ್ತಿ ಹೋಗಿಯೇಬಿಟ್ಟ. ದುಷ್ಟ!

"ಅವನನ್ನ ಕೂಗ್ಲಾ?" ಎಂದಳು ಸಿರ್ಕ.

"ಪ್ರಾಣ ಹೋದ್ರೂ ಬೇಡ!"

"ಸರಿ, ನೀನು ನಿನ್ನ ಮಾನ ಕಾಯ್ತಾ ಇರು. ನಾನು ಕೇಕ್ ಉಳಿಸ್ಕೋತೀನಿ." ಬ್ಯಾಗಿನಿಂದ ಮೊಳೆಪಟ್ಟಿ ತೆಗೆದು ಬೂಟಿನ ಅಡಿಗೆ ಬಿಗಿದುಕೊಂಡವಳೇ ಚಕಚಕ ಹತ್ತಿ ಹೋದಳು. ಹೆಂಡತಿಯ ಕಾಲಿಗಿದ್ದ ಮೊಳೆ ನನ್ನ ಕಾರಿಗಿರಲಿಲ್ಲ!

ನಾನೂ ಇಳಿದೆ. ಹಬ್ಬಕ್ಕೆಂದು ಹಾಕಿದ್ದ ಮಿರಿಮಿರಿ ಮಿಂಚುವ ಬೂಟು ನನ್ನನ್ನು ಅಲ್ಲೇ ಅಂಗಾತ ಕೆಡವಿತು. ಎದ್ದೆ, ಬಿದ್ದೆ. ಕೊನೆಗೆ ನಾಲ್ಕು ಕಾಲಿನ ಮೇಲೆ ಹೊರಟು ನೋಡಿದೆ. ಅದೂ ಹಿಂದಕ್ಕೇ ಸಾಗಿತು.

ಆಗ ಮೇಲಿನಿಂದ ಸುಯ್ಯೆಂದು ಸದ್ದಾಯಿತು. ಅತ್ತೆ! ನಮ್ಮ ಅಜ್ಜಿಯರು ಪೇಟೆಗೆ ಒಯ್ಯುವ ಒದೆಬಂಡಿಯ ಮೇಲೆ ಬರುತ್ತಿದ್ದಳು. ಚಕ್ರದ ಬದಲು ಹಿಮದ ಮೇಲೆ ಜಾರುವ ಎರಡು ಉಕ್ಕಿನ ಪಟ್ಟಿ, ಮುಂದೆ ಸಾಮಾನಿಡಲು ಒಂದು ಕುರ್ಚಿ, ಹಿಂದೆ ನಿಂತು ಕಾಲಲ್ಲಿ ಒದ್ದು ನೂಕುವುದು. ರೇಷ್ಮೆ ಲಂಗದ ಕೆಳಗೆ ಮೊಳೆ ಬೂಟು ಹೊಳೆಯುತ್ತಿತ್ತು.

"ನಾನೇನೂ ಸಹಾಯ ಕೇಳಲಿಲ್ಲ ಅತ್ತೆ," ಎಂದೆ, ಮಂಡಿಯೂರಿದ ಭಂಗಿಯಲ್ಲೇ.

"ಗೊತ್ತಪ್ಪಾ. ನೀನು ಕೇಳೋವರೆಗೂ ಕಾದ್ರೆ ಕಾಫಿ ಆರಿ ಐಸಾಗುತ್ತೆ. ಎರಡು ಗಂಟೆ ಆಗ್ತಾ ಬಂತು, ಕೂತ್ಕೋ."

ಕೂತೆ. ಹುಟ್ಟುಹಬ್ಬದ ಮುದುಕಿ ಏದುಸಿರು ಕೂಡ ಬಿಡದೆ ನನ್ನನ್ನು ನೂಕತೊಡಗಿದಳು. ಕಿಟಕಿಯಲ್ಲಿ ಈಗ ಇನ್ನೊಂದು ಮೂಗು ತೂರಿಸಲೂ ಜಾಗವಿರಲಿಲ್ಲ. ನಾಚಿಕೆಯಿಂದ ನೆಲವೇ ಬಾಯಿ ಬಿಡಬಾರದೇ ಎನಿಸಿತು.

"ಅತ್ತೆ, ಎಲ್ಲರೂ ನೋಡ್ತಿದಾರೆ..."

"ನೋಡ್ಲಿ ಬಿಡು. ಕಾಲು ಮೇಲೆತ್ಕೋ, ನೆಲಕ್ಕೆ ಉಜ್ಜುತ್ತೆ. ಪ್ರತಿ ವಾರ ಇದೇ ಕುರ್ಚಿ ಮೇಲೆ ಆಲೂಗಡ್ಡೆ ಮೂಟೆ ಕೂರಿಸ್ಕೊಂಡು ಈ ದಿಬ್ಬ ಹತ್ತಿಸ್ತೀನಿ. ಅದೂ ಹೆಚ್ಚೂಕಮ್ಮಿ ನಿನ್ನ ಹಾಗೇನೇ. ಆದ್ರೆ ಪಾಪ, ಅದು ಯಾವತ್ತೂ ಟೈರಿನ ಬಗ್ಗೆ ಮಾತಾಡಿದ್ದಿಲ್ಲ!"